ಒಂದು ಪೈಸೆಯ ತೂಕ

ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ, ಕಾಕತೀಯರ ಆಳ್ವಿಕೆಯಲ್ಲಿ ಕೋಟೆ ಕಟ್ಟಿಸಿದವರು ಅದರ ಮೇಲೆ ಶಾಸನ ಬರೆಸಿದರು. ಬರೆಸಿ ಸುಮ್ಮನಾಗಲಿಲ್ಲ. ಆ ಕಲ್ಲನ್ನು ಬಂಡಿಗೆ ಏರಿಸಿ, ಕೋಣಗಳನ್ನು ಸಾಲಾಗಿ ಹೂಡಿ ಎಳೆಸಿಕೊಂಡು ಬಂದ ಚಿತ್ರವನ್ನೂ ಗೋಡೆಯ ಮೇಲೆ ಕೊರೆಸಿದರು. ಕಲ್ಲು ಸಾಗಿಸಿದ್ದು ಕೋಟೆ ಕಟ್ಟಿದ್ದಕ್ಕಿಂತ ಕಡಿಮೆ ಸಾಹಸವಾಗಿರಲಿಲ್ಲ ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಕೋಟೆಯ ಗುಡ್ಡ ಸುಮಾರು 290 ಅಡಿ ಎತ್ತರ. ಒಂದು ಟನ್ ಕಲ್ಲನ್ನು ಅದರ ನೆತ್ತಿಗೆ ಎತ್ತಲು ಎಷ್ಟು ವಿದ್ಯುತ್ ಬೇಕು? ಯಂತ್ರದಲ್ಲಿ ಸೋರಿಹೋಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಕಾಲು ಯೂನಿಟ್. ಒಂದು ಯೂನಿಟ್ ಕರೆಂಟು ನಾಲ್ಕು ಟನ್ ಕಲ್ಲನ್ನು ಗುಡ್ಡದ ತುದಿ ಮುಟ್ಟಿಸುತ್ತದೆ. ಗಟ್ಟಿಮುಟ್ಟಾದ ಆಳು ದಿನಕ್ಕೆ ಎಂಟು ಗಂಟೆ ಬೆವರು ಸುರಿಸಿದರೆ ಹೊರಡುವ ದೇಹಶ್ರಮ ಸುಮಾರು 0.6 ಯೂನಿಟ್. ಅಂದರೆ ಒಂದು ಯೂನಿಟ್‌ನಲ್ಲಿ ಒಬ್ಬರ ಒಂದೂವರೆ ದಿನಕ್ಕಿಂತ ಹೆಚ್ಚಿನ ದುಡಿಮೆ ಅಡಗಿದೆ. ಇದೇ ಯೂನಿಟ್‌ಗೆ 2025-26ರಲ್ಲಿ ಕರ್ನಾಟಕದ ಎಚ್‌ಟಿ (ಹೈ ಟೆನ್ಷನ್) ಕೈಗಾರಿಕೆಗೆ ಗೊತ್ತಾದ ಬೆಲೆ 6 ರೂಪಾಯಿ 60 ಪೈಸೆ.

ಇಷ್ಟು ಅಗ್ಗದ ದುಡಿಮೆ ಮನುಷ್ಯನ ಇತಿಹಾಸದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಆದರೂ ಕಾರ್ಖಾನೆಗಳು ಈ ಬೆಲೆ ತಾಳಲಾರೆವು, ರಿಯಾಯಿತಿ ಕೊಡಿ ಎನ್ನುತ್ತಿವೆ. ಜರ್ಮನಿಯಲ್ಲೂ, ಬ್ರಿಟನ್ನಿನಲ್ಲೂ, ಕರ್ನಾಟಕದಲ್ಲೂ ಇದೇ ಕೂಗು. ಕಲ್ಲಿದ್ದಲನ್ನು ಬಿಟ್ಟು ಬಿಸಿಲು ಗಾಳಿಗಳ ಕಡೆ ತಿರುಗುತ್ತಿರುವ ಈ ಹೊತ್ತಿನಲ್ಲಿ ಆ ಕೂಗು ಇನ್ನೂ ಜೋರಾಗಿದೆ. ಅದರಲ್ಲಿ ಎಷ್ಟು ನ್ಯಾಯವಿದೆ, ರಿಯಾಯಿತಿ ಯಾರಿಗೆ ಸಲ್ಲಬೇಕು ಎಂದು ತಿಳಿಯಲು ಎಡೆದೊರೆ ನಾಡಿಗಿಂತ ಒಳ್ಳೆಯ ಜಾಗವಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆ ನಾಲ್ಕು ದಶಕಗಳಿಂದ ಇಡೀ ರಾಜ್ಯಕ್ಕೆ ಕರೆಂಟು ಬೇಯಿಸಿಕೊಟ್ಟಿದೆ.

ಶಕ್ತಿನಗರದ ಒಂದು ದಿನ

ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದು ಕೃಷ್ಣೆಯ ದಡಕ್ಕೆ ಬಂದರೆ ದೇವಸೂಗೂರು, ಅದರ ಮಗ್ಗುಲಲ್ಲೇ ಶಕ್ತಿನಗರ. ಕರ್ನಾಟಕ ವಿದ್ಯುತ್ ನಿಗಮದ ರಾಯಚೂರು ಶಾಖೋತ್ಪನ್ನ ಕೇಂದ್ರ ಇರುವುದು ಇಲ್ಲಿ. ಊರವರ ಬಾಯಲ್ಲಿ ಅದು ಆರ್‌ಟಿಪಿಎಸ್. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ 210 ಮೆಗಾವಾಟ್‌ನ ಏಳು ಘಟಕಗಳು, 250 ಮೆಗಾವಾಟ್‌ನ ಒಂದು, ಒಟ್ಟು 1,720 ಮೆಗಾವಾಟ್.

ಎಂಟೂ ಘಟಕಗಳು ಒಂದು ದಿನ ಪೂರ್ಣ ಬಲದಲ್ಲಿ ಓಡಿದವು ಎಂದಿಟ್ಟುಕೊಳ್ಳಿ. ಹುಟ್ಟುವ ವಿದ್ಯುತ್ತು 4 ಕೋಟಿ 12 ಲಕ್ಷ ಯೂನಿಟ್. ದೇಹಶ್ರಮಕ್ಕೆ ಇಳಿಸಿ ನೋಡಿದರೆ ಇದು 6 ಕೋಟಿ 88 ಲಕ್ಷ ಜನರ ಒಂದು ದಿನದ ದುಡಿಮೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ರಾಜ್ಯದ ಅಷ್ಟೂ ಜನ ಸೊಂಟ ಕಟ್ಟಿ ನಿಂತರೂ ಶಕ್ತಿನಗರದ ಒಂದು ದಿನಕ್ಕೆ ಸಾಟಿಯಾಗುವುದಿಲ್ಲ.

ಇದಕ್ಕೆ ತೆರುವ ಬೆಲೆ ನೋಡಿ. ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಹಿಡಿದರೆ ದಿನಕ್ಕೆ 29 ಸಾವಿರ ಟನ್ ಬೇಕು. ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲಿನಲ್ಲಿ ಬರುವ ಈ ಕಲ್ಲಿದ್ದಲನ್ನು ತುಂಬಲು 440ಕ್ಕೂ ಹೆಚ್ಚು ವ್ಯಾಗನ್‌ಗಳು ಬೇಕು. ಒಂದರ ಹಿಂದೊಂದು ಜೋಡಿಸಿದರೆ ಸಾಲು ನಾಲ್ಕೂ ಮುಕ್ಕಾಲು ಕಿಲೋಮೀಟರ್ ಉದ್ದವಾಗುತ್ತದೆ. ಇದು ಒಂದೇ ದಿನದ ಮೇವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದಿ. ಹಾಗಾಗಿ ಸಂಜೆ ಹೊತ್ತಿಗೆ 10 ಸಾವಿರ ಟನ್ ಬೂದಿ ಉಳಿಯುತ್ತದೆ. ಹತ್ತು ಟನ್ ಲಾರಿಗಳಲ್ಲಿ ತುಂಬಿದರೆ ಸಾವಿರ ಲಾರಿ. ನೀರಿನ ಲೆಕ್ಕವೂ ಹೀಗೇ ಬೆರಗು ಹುಟ್ಟಿಸುತ್ತದೆ. ಹಳೆಯ ಶಾಖೋತ್ಪನ್ನ ಕೇಂದ್ರಗಳಿಗೆ 2015ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಮಿತಿ ಸಾವಿರ ಯೂನಿಟ್‌ಗೆ ಮೂರೂವರೆ ಸಾವಿರ ಲೀಟರ್. ಆ ಮಿತಿಯೊಳಗೇ ಇದ್ದರೂ ದಿನಕ್ಕೆ 14 ಕೋಟಿ ಲೀಟರ್ ದಾಟಬಹುದು. 2011ರಲ್ಲಿ ರಾಯಚೂರು ನಗರದಲ್ಲಿದ್ದ 2 ಲಕ್ಷ 34 ಸಾವಿರ ಜನರಿಗೆ ತಲೆಗೆ 135 ಲೀಟರ್‌ನಂತೆ ನೀರು ಕೊಟ್ಟರೆ ಬೇಕಾಗುವುದು 3 ಕೋಟಿ 16 ಲಕ್ಷ ಲೀಟರ್. ಅದರ ನಾಲ್ಕೂವರೆ ಪಟ್ಟು ನೀರು ಕುಲುಮೆಗೆ ಬೇಕು.

ಪ್ರತಿ ದಿನವೂ ಎಂಟೂ ಘಟಕಗಳು ಹೀಗೆ ಓಡುವುದಿಲ್ಲ, ನಿಜ. ಆದರೆ ರಾಯಚೂರಿನ ಹೊರವಲಯದ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಇನ್ನೂ ಎರಡು ಘಟಕಗಳಿವೆ. ಎರಡು ಕೇಂದ್ರಗಳನ್ನು ಕೂಡಿಸಿದರೆ ಒಂದೇ ತಾಲ್ಲೂಕಿನಲ್ಲಿ 3,320 ಮೆಗಾವಾಟ್. ಬೆಂಗಳೂರಿನ ದೀಪಕ್ಕೂ ತೋರಣಗಲ್ಲಿನ ಉಕ್ಕಿನ ಕುಲುಮೆಗೂ ಬೂದಿ ಹೊತ್ತವರು ಈ ಊರಿನವರು.

ಬಂಡೆಯನ್ನು ಹಿಟ್ಟು ಮಾಡುವ ಲೆಕ್ಕ

ಭಾರಿ ಕೈಗಾರಿಕೆಯ ಹಸಿವು ಎಂಥದ್ದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅದೇ ಕಂಪನಿಯ ಊಟಿ ಗಣಿ ಇರುವುದು ದೇವದುರ್ಗ ತಾಲ್ಲೂಕಿನಲ್ಲಿ. ಅಲ್ಲಿಯ ಅದಿರು ಲಾರಿಯಲ್ಲಿ ಹಟ್ಟಿಗೆ ಬರುತ್ತದೆ. ಒಂದು ಟನ್ ಅದಿರಿನಲ್ಲಿ ಮೂರು ಗ್ರಾಂ ಚಿನ್ನ ಇದೆ ಎಂದುಕೊಳ್ಳೋಣ. ಹತ್ತು ಗ್ರಾಂ ಚಿನ್ನಕ್ಕೆ ಮೂರು ಟನ್‌ಗೂ ಹೆಚ್ಚು ಬಂಡೆ ಒಡೆಯಬೇಕು.

ಇಲ್ಲೊಂದು ವಿಚಿತ್ರವಿದೆ. ಒಂದು ಟನ್ ಬಂಡೆಯನ್ನು ಒಂದು ಕಿಲೋಮೀಟರ್ ಆಳದಿಂದ ಮೇಲೆತ್ತಲು ಸೋರಿಕೆ ಬಿಟ್ಟು ಬೇಕಾಗುವುದು 2.7 ಯೂನಿಟ್ ಮಾತ್ರ. ಅದೇ ಟನ್ ಬಂಡೆಯನ್ನು ಜಜ್ಜಿ, ಉಕ್ಕಿನ ಗುಂಡುಗಳಿರುವ ಗಿರಣಿಯಲ್ಲಿ ಅರೆದು ನುಣುಪು ಹಿಟ್ಟು ಮಾಡಲು ಸುಮಾರು 20 ಯೂನಿಟ್ ಬೇಕು. ಪಾತಾಳದಿಂದ ಎತ್ತುವುದಕ್ಕಿಂತ ಅರೆಯುವುದು ಏಳು ಪಟ್ಟು ದುಬಾರಿ. ಗಣಿಯೊಳಗೆ ಗಾಳಿ ಊದುವುದು, ನೀರು ಎತ್ತುವುದು, ಕಂಪ್ರೆಸರ್ ಓಡಿಸುವುದು ಇದರಲ್ಲಿ ಸೇರಿಲ್ಲ. ಕತ್ತಿನ ಸರದ ಒಂದೊಂದು ಎಳೆಯ ಹಿಂದೆಯೂ ಕರೆಂಟಿನ ಬಿಲ್ಲಿದೆ.

ಚಿನ್ನಕ್ಕೆ ಬೆಲೆ ಇದೆ, ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ತಾಳಿಕೊಳ್ಳಲಾರದು. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಸಾವಿರ ಯೂನಿಟ್ ಬೇಕು. ಯೂನಿಟ್‌ಗೆ 6.60 ರೂಪಾಯಿಯಂತೆ ಬರಿಯ ಕರೆಂಟಿಗೇ 92,400 ರೂಪಾಯಿ. ದರ ಒಂದೇ ಒಂದು ಪೈಸೆ ಏರಿದರೆ ಟನ್‌ಗೆ 140 ರೂಪಾಯಿ ಏರಿತು. ಬೆಳಗಾವಿಯಲ್ಲಿ ಹಿಂದೆ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆ ಇತ್ತು. ವಿದ್ಯುತ್ತಿನ ಅಭಾವ ಮತ್ತು ದರ ಅದನ್ನು ನಿಲ್ಲಿಸಿಬಿಟ್ಟವು. ಇಂದು ಅಲ್ಲಿ ತಯಾರಾಗುವುದು ಅಲ್ಯೂಮಿನಾ ಪುಡಿ. ಪುಡಿಯನ್ನು ಲೋಹ ಮಾಡುವ ಕೆಲಸ ಕರೆಂಟು ಅಗ್ಗವಿರುವ ಊರುಗಳಿಗೆ ಹೋಯಿತು.

ಇನ್ನು ಉಕ್ಕು. ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಕಾರ್ಖಾನೆ ಇದೆ. ವರ್ಷಕ್ಕೆ 1 ಕೋಟಿ 20 ಲಕ್ಷ ಟನ್‌ಗೂ ಮೀರಿದ ಸಾಮರ್ಥ್ಯ. ಇಂದು ಕಬ್ಬಿಣದ ಅದಿರಿನಿಂದ ಆಮ್ಲಜನಕ ಕಳೆಯಲು ಕಲ್ಲಿದ್ದಲು ಬಳಸುತ್ತಾರೆ. ನಾಳೆ ಆ ಕೆಲಸವನ್ನು ಹಸಿರು ಹೈಡ್ರೋಜನ್ ಮಾಡಬೇಕು ಎಂಬುದು ಜಗತ್ತಿನ ಗುರಿ. ಒಂದು ಟನ್ ಉಕ್ಕಿಗೆ ಸುಮಾರು 55 ಕಿಲೋ ಹೈಡ್ರೋಜನ್, ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 52 ಯೂನಿಟ್. ಒಂದು ಕೋಟಿ ಟನ್ ಉಕ್ಕನ್ನು ಹೀಗೆ ಮಾಡಲು ಹೊರಟರೆ 2,860 ಕೋಟಿ ಯೂನಿಟ್ ಬೇಕು. ಆರ್‌ಟಿಪಿಎಸ್ ವರ್ಷದ 365 ದಿನವೂ ಒಂದು ಗಳಿಗೆ ನಿಲ್ಲದೆ ಪೂರ್ಣ ಬಲದಲ್ಲಿ ಓಡಿದರೆ ಕೊಡುವುದು 1,507 ಕೋಟಿ ಯೂನಿಟ್. ಒಂದು ಊರಿನ ಉಕ್ಕನ್ನು ಶುದ್ಧ ಮಾಡಲು ಹತ್ತಿರ ಹತ್ತಿರ ಎರಡು ಶಕ್ತಿನಗರಗಳ ವಿದ್ಯುತ್ತು! ಕೇಂದ್ರ ಸರ್ಕಾರ 2030ಕ್ಕೆ ಇಟ್ಟುಕೊಂಡ ಗುರಿ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್. ಅದಕ್ಕೆ ಹದಿನೇಳು ಶಕ್ತಿನಗರಗಳಷ್ಟು ವಿದ್ಯುತ್ತು ಬೇಕು, ಅದೂ ಹೊಗೆ ಇಲ್ಲದ್ದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶುದ್ಧ ಇಂಧನಕ್ಕೆ ತಿರುಗುವುದೆಂದರೆ ಕಾರ್ಖಾನೆ ಕಡಿಮೆ ಕರೆಂಟು ಬಳಸುವುದಲ್ಲ, ಹಲವು ಪಟ್ಟು ಹೆಚ್ಚು ಬಳಸುವುದು. ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಆಯಿಲ್ ಮಾಡುತ್ತಿದ್ದ ಕೆಲಸವೆಲ್ಲ ತಂತಿಗೆ ಬರುತ್ತದೆ. ಆಗ ತಂತಿಯಲ್ಲಿ ಹರಿಯುವುದರ ಬೆಲೆಯೇ ಕಾರ್ಖಾನೆಯ ಉಳಿವನ್ನು ತೀರ್ಮಾನಿಸುತ್ತದೆ. ಹೀಗಾಗಿ ರಿಯಾಯಿತಿಯ ಕೂಗನ್ನು ಬರಿಯ ಲಾಭಕೋರತನ ಎಂದು ತಳ್ಳಿಹಾಕಲಾಗದು.

ಮನೆಗಿಂತ ಮೊದಲು ಗಣಿಗೆ

ನಮ್ಮ ನಾಡಿನಲ್ಲಿ ವಿದ್ಯುತ್ತು ಹುಟ್ಟಿದ್ದೇ ಭಾರಿ ಕೈಗಾರಿಕೆಗಾಗಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿದ ಶಿವನಸಮುದ್ರದ ಕೇಂದ್ರ 1902ರಲ್ಲಿ ಶುರುವಾದಾಗ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿ. 147 ಕಿಲೋಮೀಟರ್ ತಂತಿ ಎಳೆದು 4 ಸಾವಿರ ಅಶ್ವಶಕ್ತಿ ಕೊಟ್ಟರು. ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ದೂರ ಅದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೂರು ವರ್ಷ ಕಳೆದ ಮೇಲೆ.

ಗಣಿ ಕಂಪನಿಯೊಂದಿಗಿನ ಕರಾರಿನಲ್ಲಿ ದರ ಮೊದಲ ವರ್ಷ ಹೆಚ್ಚಿತ್ತು, ಬರಬರುತ್ತ ಇಳಿಯುವಂತೆ ಗೊತ್ತಾಗಿತ್ತು. ಕೇಂದ್ರ ಕಟ್ಟಿದ ಬಂಡವಾಳ ಬೇಗ ಹಿಂದಿರುಗಲಿ, ಆಮೇಲೆ ಗಣಿಗೂ ಅಗ್ಗವಾಗಲಿ ಎಂಬ ಏರ್ಪಾಡು. ರಿಯಾಯಿತಿ ಇತ್ತು, ಆದರೆ ಅದಕ್ಕೆ ಕರಾರಿತ್ತು, ಕಾಲಮಿತಿಯಿತ್ತು, ಯಾರು ಯಾವಾಗ ಎಷ್ಟು ಕಟ್ಟುತ್ತಾರೆ ಎಂಬ ಲೆಕ್ಕವಿತ್ತು. ಅಂದಿನ 4 ಸಾವಿರ ಅಶ್ವಶಕ್ತಿ ಇಂದಿನ ಲೆಕ್ಕದಲ್ಲಿ ಸುಮಾರು 3 ಮೆಗಾವಾಟ್. ಶಕ್ತಿನಗರದ ಒಂದು ಘಟಕ ಅದರ 70 ಪಟ್ಟು.

ಮೂವತ್ತು ಪೈಸೆ ಎಲ್ಲಿ ಹೋಯಿತು?

ಕರ್ನಾಟಕದಲ್ಲಿ ಇಂದು ದರ ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ರಾಯಚೂರು, ಮಾನ್ವಿ, ದೇವದುರ್ಗಗಳಿಗೆ ವಿದ್ಯುತ್ ಹಂಚುವುದು ಕಲಬುರಗಿಯ ಜೆಸ್ಕಾಂ. 2024ರ ಫೆಬ್ರುವರಿಯ ಆದೇಶದಲ್ಲಿ ಎಚ್‌ಟಿ ಕೈಗಾರಿಕೆಯ ದರ ಯೂನಿಟ್‌ಗೆ 50 ಪೈಸೆ ಇಳಿದು 6.90 ಆಯಿತು. 2025ರ ಮಾರ್ಚ್‌ನ ಆದೇಶದಲ್ಲಿ ಇನ್ನೂ 30 ಪೈಸೆ ಇಳಿದು 6.60 ಆಯಿತು.

ನೂರು ಮೆಗಾವಾಟ್ ಎಡೆಬಿಡದೆ ಬಳಸುವ ಕಾರ್ಖಾನೆಗೆ ವರ್ಷಕ್ಕೆ 87 ಕೋಟಿ 60 ಲಕ್ಷ ಯೂನಿಟ್ ಬೇಕು. ಮೂವತ್ತು ಪೈಸೆ ಇಳಿದರೆ ಅದಕ್ಕೆ ಉಳಿಯುವುದು 26 ಕೋಟಿ 28 ಲಕ್ಷ ರೂಪಾಯಿ. ತಿಂಗಳಿಗೆ ಒಂದು ಲಕ್ಷ ಯೂನಿಟ್ ಬಳಸುವ ರೈಸ್‌ಮಿಲ್ಲಿಗೆ ಉಳಿಯುವುದು ತಿಂಗಳಿಗೆ 30 ಸಾವಿರ.

ಆದರೆ ಬಿಲ್ಲಿನ ಕೆಳಗಿನ ಸಾಲುಗಳನ್ನೂ ಓದಬೇಕು. ಅದೇ 2025ರ ಏಪ್ರಿಲ್ 1ರಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬಂತು. ಇಳಿದದ್ದು 30, ಏರಿದ್ದು 36. ಡಿಮ್ಯಾಂಡ್ ಚಾರ್ಜ್ ಕೂಡ ಕೆವಿಎಗೆ 340ರಿಂದ 345 ರೂಪಾಯಿ ಆಯಿತು. ಪತ್ರಿಕೆಯಲ್ಲಿ ಇಳಿಕೆಯ ಸುದ್ದಿ ಓದಿದ ಗಿರಣಿ ಮಾಲೀಕರ ಕೈಗೆ ಬಂದದ್ದು ಏರಿದ ಬಿಲ್ಲು. ಪಿಂಚಣಿ ನೌಕರರ ಹಕ್ಕು, ಅದನ್ನು ಯಾರೂ ಪ್ರಶ್ನಿಸಬೇಕಿಲ್ಲ. ಒಂದು ಸಾಲಿನಲ್ಲಿ ಕೊಟ್ಟದ್ದನ್ನು ಇನ್ನೊಂದು ಸಾಲಿನಲ್ಲಿ ತೆಗೆದುಕೊಂಡರೆ ಅದನ್ನು ರಿಯಾಯಿತಿ ಎಂದು ಕರೆಯಬಾರದು, ಅಷ್ಟೆ.

ಡಿಮ್ಯಾಂಡ್ ಚಾರ್ಜಿನ ಒಳಗೆ ಇನ್ನೂ ದೊಡ್ಡ ಅಂತರ ಅಡಗಿದೆ. ಇದು ಬಳಸಿದ ಯೂನಿಟ್‌ಗೆ ಅಲ್ಲ, ನಿಮಗಾಗಿ ಕಾದಿರಿಸಿದ ಬಲಕ್ಕೆ ತಿಂಗಳ ಬಾಡಿಗೆ. ಮೂರು ಪಾಳಿ ನಡೆಸಿ ತಿಂಗಳಿಗೆ 600 ಗಂಟೆ ಯಂತ್ರ ಓಡಿಸುವ ಕಾರ್ಖಾನೆಗೆ 2025-26ರ ದರದಲ್ಲಿ ಈ ಬಾಡಿಗೆ ಯೂನಿಟ್‌ಗೆ 64 ಪೈಸೆ ಬೀಳುತ್ತದೆ. ಒಂದೇ ಪಾಳಿಯಲ್ಲಿ 200 ಗಂಟೆ ಓಡಿಸುವ ಗಿರಣಿಗೆ 1 ರೂಪಾಯಿ 92 ಪೈಸೆ. ಶೇ 9ರ ವಿದ್ಯುತ್ ತೆರಿಗೆ, ಪಿಂಚಣಿ ಸರ್‌ಚಾರ್ಜ್ ಎಲ್ಲ ಕೂಡಿಸಿದರೆ ದೊಡ್ಡವರಿಗೆ ಯೂನಿಟ್ 8.19 ರೂಪಾಯಿಗೆ ಬಿದ್ದರೆ, ಚಿಕ್ಕವರಿಗೆ 9.47. ಮಾನ್ವಿಯ ಭತ್ತದ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಹಂಗಾಮಿನಲ್ಲಿ ಹಗಲು ರಾತ್ರಿ ಓಡಿ ಆಮೇಲೆ ಮಂಕಾಗುತ್ತವೆ. ಹಂಗಾಮಿ ಉದ್ದಿಮೆಗಳಿಗೆ ದರಪಟ್ಟಿಯಲ್ಲಿ ಸ್ವಲ್ಪ ವಿನಾಯಿತಿ ಇದೆ. ಆದರೆ ಮುಂಚೆಯೇ ಅರ್ಜಿ ಹಾಕಿ ಹಂಗಾಮಿನ ತಿಂಗಳು ಘೋಷಿಸಿದವರಿಗಷ್ಟೇ ಅದು ಸಿಗುತ್ತದೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಗೊತ್ತಾಗದ ಸೀಮೆಯಲ್ಲಿ ಆ ಘೋಷಣೆ ಸುಲಭದ್ದಲ್ಲ.

ಪೈಸೆ ಎಲ್ಲಿಂದ ಬರುತ್ತದೆ?

2023-24ರಲ್ಲಿ ಕರ್ನಾಟಕಕ್ಕೆ ಬೇಕಾದ ವಿದ್ಯುತ್ತು 9 ಸಾವಿರ ಕೋಟಿ ಯೂನಿಟ್ ದಾಟಿತು. ಇಷ್ಟರ ಮೇಲೆ ಒಂದು ಪೈಸೆ ಎಂದರೆ 90 ಕೋಟಿ ರೂಪಾಯಿ. ನೆಲದ ಮೇಲೆ ಬಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳದ ನಾಣ್ಯದ ತೂಕ ಇದು. ಒಬ್ಬರಿಗೆ ಬಿಟ್ಟುಕೊಟ್ಟ ಪೈಸೆಯನ್ನು ಇನ್ನೊಬ್ಬರು ಕಟ್ಟಲೇಬೇಕು.

ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ. ಸುಮಾರು 34 ಲಕ್ಷ ಪಂಪ್‌ಸೆಟ್‌ಗಳು. ಇದಕ್ಕಾಗಿ 2025-26ಕ್ಕೆ ಅಂದಾಜಾದ ಸರ್ಕಾರದ ಸಹಾಯಧನ ಸುಮಾರು 16 ಸಾವಿರ ಕೋಟಿ ರೂಪಾಯಿ. ನೀವು ಈ ವಾಕ್ಯ ಓದುವ ಪ್ರತಿ ಸೆಕೆಂಡಿಗೆ 5 ಸಾವಿರ ರೂಪಾಯಿ ಹರಿಯುತ್ತದೆ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದ ದೇವದುರ್ಗದ ರೈತನಿಗೆ ಈ ಹಣ ದಾನವಲ್ಲ, ಬದುಕು. ಅದನ್ನು ಕಿತ್ತು ಕಾರ್ಖಾನೆಗೆ ಕೊಡಿ ಎನ್ನುವವರು ಒಂದು ಬೇಸಿಗೆ ದೇವದುರ್ಗದ ಹೊಲದಲ್ಲಿ ನಿಂತು ಮಾತಾಡಬೇಕು.

ಸರ್ಕಾರದ ಬೊಕ್ಕಸದ ಜೊತೆಗೆ ದಶಕಗಳಿಂದ ಈ ಭಾರ ಹೊತ್ತವರು ಕೈಗಾರಿಕೆ ಮತ್ತು ವಾಣಿಜ್ಯ ಗ್ರಾಹಕರು. ತಮಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ಕಟ್ಟಿ ಉಳಿದವರ ದರ ತಗ್ಗಿಸಿದವರು ಅವರು. ಈಗ ಹಸಿರು ವಿದ್ಯುತ್ತು ಅವರಿಗೆ ಹೊರಗೆ ಹೋಗುವ ಬಾಗಿಲು ತೆರೆದಿದೆ. ಸೌರ ಕೇಂದ್ರದಲ್ಲಿ ಶೇ 26ರಷ್ಟು ಪಾಲು ತೆಗೆದುಕೊಂಡು ಅಲ್ಲಿಯ ಉತ್ಪಾದನೆಯ ಶೇ 51ರಷ್ಟನ್ನು ತಾವೇ ಬಳಸಿದರೆ ಅದು ಸ್ವಂತ ಬಳಕೆಯ ವಿದ್ಯುತ್ತು ಎನಿಸಿಕೊಳ್ಳುತ್ತದೆ, ಅಡ್ಡ ಸಹಾಯಧನದ ಹೊರೆ ತಪ್ಪುತ್ತದೆ. ತೋರಣಗಲ್ಲಿನ ಕಾರ್ಖಾನೆಗಾಗಿ 2022ರಲ್ಲಿ 225 ಮೆಗಾವಾಟ್ ಸೌರ ಕೇಂದ್ರ ಶುರುವಾಯಿತು. 2022ರ ಕೇಂದ್ರ ನಿಯಮದಂತೆ 100 ಕಿಲೋವಾಟ್ ಬಳಸುವವರೂ ಹಸಿರು ವಿದ್ಯುತ್ತನ್ನು ಹೊರಗಿನಿಂದ ಕೊಳ್ಳಬಹುದು. ಕಾಗದದ ಮೇಲೆ ಮಾನ್ವಿಯ ಮಿಲ್ಲಿಗೂ ಈ ಬಾಗಿಲು ತೆರೆದೇ ಇದೆ. ಆದರೆ ಪಾಲು ಬಂಡವಾಳ, ಇಪ್ಪತ್ತೈದು ವರ್ಷದ ಕರಾರು, ವಕೀಲರು, ಲೆಕ್ಕಿಗರು ಇರುವವರಷ್ಟೇ ಅದನ್ನು ದಾಟುತ್ತಾರೆ.

ದೊಡ್ಡವರು ಹೊರಗೆ ಹೋದಂತೆ ಒಳಗೆ ಉಳಿದವರ ಮೇಲೆ ಭಾರ ಹೆಚ್ಚುತ್ತದೆ. ಮಧ್ಯಾಹ್ನ ಸೌರ ವಿದ್ಯುತ್ತು ಹರಿದು ಬರುವಾಗ ಶಕ್ತಿನಗರದ ಘಟಕಗಳು ಉರಿ ತಗ್ಗಿಸಬೇಕು. 210 ಮೆಗಾವಾಟ್‌ನ ಘಟಕವನ್ನು ಹಂತಹಂತವಾಗಿ ಶೇ 40ಕ್ಕೆ, ಅಂದರೆ 84 ಮೆಗಾವಾಟ್‌ಗೆ ಇಳಿಸಲು ಸಜ್ಜಾಗಬೇಕೆಂದು 2023ರ ಕೇಂದ್ರ ನಿಯಮ ಹೇಳುತ್ತದೆ. ಘಟಕ ಅರ್ಧ ಓಡಿದರೂ ಸಾಲದ ಬಡ್ಡಿ, ಸಂಬಳ, ನಿರ್ವಹಣೆ ಪೂರ್ತಿ. ಆ ಖರ್ಚು ಕಡಿಮೆ ಯೂನಿಟ್‌ಗಳ ಮೇಲೆ ಹಂಚಿಕೆಯಾಗುತ್ತದೆ. ಬಿಸಿಲು ಅಗ್ಗವಾದರೂ ಬಿಲ್ಲು ಇಳಿಯದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಕಾಲುವೆಯ ನೀರು ಮೇಲ್ಭಾಗದಲ್ಲೇ ಮುಗಿದು ಕೊನೆಭಾಗಕ್ಕೆ ಬರುವಷ್ಟರಲ್ಲಿ ಬತ್ತುವುದನ್ನು ತುಂಗಭದ್ರಾ ಎಡದಂಡೆಯ ಮಾನ್ವಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ವಿದ್ಯುತ್ ರಿಯಾಯಿತಿಯೂ ಇಂದು ಹಾಗೇ ಹರಿಯುತ್ತಿದೆ.

ಬಿಸಿಲಿನ ಲೆಕ್ಕ

ಹಾಗಾದರೆ ದಾರಿ ಏನು? ರಾಯಚೂರಿನವರು ಶಾಪವೆಂದು ಬೈಯುವ ಬಿಸಿಲಿನಲ್ಲೇ ಉತ್ತರದ ಒಂದು ಭಾಗವಿದೆ. ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಐದೂವರೆ ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ ಎಂದರೆ ಒಂದು ಎಕರೆಗೆ 22 ಸಾವಿರ ಯೂನಿಟ್. ಅದರಲ್ಲಿ ಹಿಡಿಯಲು ಆಗುವುದು ಸ್ವಲ್ಪವೇ. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕ್ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ಈ ಅಳತೆಯಲ್ಲಿ ಆರ್‌ಟಿಪಿಎಸ್‌ನ ಪೂರ್ಣ ವರ್ಷದ ಉತ್ಪಾದನೆಯನ್ನು ಬಿಸಿಲಿನಿಂದ ಪಡೆಯಲು ಸುಮಾರು 56 ಸಾವಿರ ಎಕರೆ ಬೇಕು. ನಾಲ್ಕು ಪಾವಗಡಕ್ಕಿಂತ ಹೆಚ್ಚು. ಭಯವಾಗುವ ಸಂಖ್ಯೆ. ಆದರೆ ರಾಯಚೂರು ಜಿಲ್ಲೆಯ ವಿಸ್ತೀರ್ಣ 20 ಲಕ್ಷ ಎಕರೆಗೂ ಹೆಚ್ಚು, ಆ 56 ಸಾವಿರ ಅದರ ನೂರರಲ್ಲಿ ಮೂರು ಪಾಲೂ ಆಗುವುದಿಲ್ಲ. ಉರಿಸದೆ ಉಳಿಯುವ ಕಲ್ಲಿದ್ದಲು ವರ್ಷಕ್ಕೆ ಒಂದು ಕೋಟಿ ಟನ್ ಮೀರುತ್ತದೆ.

ತೊಡಕು ಇರುವುದು ಗಡಿಯಾರದಲ್ಲಿ. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಕೆಲವು ದಿನ ಮಧ್ಯಾಹ್ನದ ಯೂನಿಟ್ ಒಂದು ರೂಪಾಯಿಗಿಂತ ಕೆಳಗೆ ಇಳಿಯುತ್ತದೆ. ಅದೇ ಮಾರುಕಟ್ಟೆಯಲ್ಲಿ ಸಂಜೆಯ ಹೊತ್ತು ಬೆಲೆ 10 ರೂಪಾಯಿಯ ಗರಿಷ್ಠ ಮಿತಿಗೆ ತಲೆ ತಾಗಿಸುತ್ತದೆ. ಸರಕು ಒಂದೇ, ಅಂತರ ಐದಾರು ಗಂಟೆ, ಬೆಲೆ ಹತ್ತು ಪಟ್ಟು.

ದೊಡ್ಡ ಉಳಿತಾಯ ಇರುವುದು ಇಲ್ಲಿ. ಬಿಸಿಲಿನ ಹೊತ್ತಿನಲ್ಲಿ ಕೈಗಾರಿಕೆಗೆ ದರ ಕನಿಷ್ಠ ಶೇ 20 ಕಡಿಮೆ ಇರಲಿ, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಕನಿಷ್ಠ ಶೇ 20 ಹೆಚ್ಚಿರಲಿ ಎಂದು 2023ರ ಕೇಂದ್ರ ನಿಯಮ ಹೇಳಿದೆ. 6.60 ರೂಪಾಯಿಗೆ ಇದನ್ನು ಅನ್ವಯಿಸಿದರೆ ಮಧ್ಯಾಹ್ನ 5.28, ಸಂಜೆ 7.92. ತಿಂಗಳಿಗೆ ಲಕ್ಷ ಯೂನಿಟ್ ಬಳಸುವ ಮಿಲ್ಲು ಅದರಲ್ಲಿ 30 ಸಾವಿರ ಯೂನಿಟ್‌ನ ಕೆಲಸವನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ಉಳಿತಾಯ 79,200 ರೂಪಾಯಿ. ಎಲ್ಲರಿಗೂ ಸಮನಾಗಿ ಹಂಚಿದ 30 ಪೈಸೆಯಿಂದ ಅದೇ ಮಿಲ್ಲಿಗೆ ಸಿಕ್ಕಿದ್ದು 30 ಸಾವಿರ. ಹೊತ್ತು ನೋಡಿ ಕೊಟ್ಟ ರಿಯಾಯಿತಿಗೆ ಎರಡೂವರೆ ಪಟ್ಟು ಬಲ. ಅಷ್ಟೇ ಅಲ್ಲ, ಸಂಜೆ ಶಕ್ತಿನಗರದಲ್ಲಿ ಉರಿಯಬೇಕಾಗಿದ್ದ 21 ಟನ್ ಕಲ್ಲಿದ್ದಲು ಕೂಡ ಉಳಿಯಿತು.

ಕರೆಂಟಿನ ಕುಲುಮೆಯನ್ನು ಸಂಜೆ ಆರಿಸಿ ಬೆಳಗ್ಗೆ ಹಚ್ಚಲಾಗದ ಕಾರ್ಖಾನೆಗಳಿವೆ, ಅವಕ್ಕೆ ಬೇರೆ ಏರ್ಪಾಡು ಬೇಕು. ಆದರೆ ಜಿನ್ನಿಂಗ್, ಭತ್ತದ ಗಿರಣಿ, ನೀರೆತ್ತುವ ಪಂಪು ಇವೆಲ್ಲ ಬಿಸಿಲಿನ ಜೊತೆ ನಡೆಯಬಲ್ಲವು. ಪಂಪ್‌ಸೆಟ್ ಫೀಡರ್‌ಗಳನ್ನು ಹಗಲಿನ ಸೌರ ವಿದ್ಯುತ್ತಿಗೆ ತಿರುಗಿಸುವ ಕುಸುಮ್ ಯೋಜನೆಯ ಕೆಲಸ ಚುರುಕಾದರೆ ದೇವದುರ್ಗದ ರೈತ ರಾತ್ರಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವುದೂ ತಪ್ಪುತ್ತದೆ, ಸಹಾಯಧನದ ಹೊರೆಯೂ ತಗ್ಗುತ್ತದೆ. ಹೊರೆ ತಗ್ಗಿದರೆ ಕೈಗಾರಿಕೆಯ ದರ ಇಳಿಸಲು ರೈತನ ಕಡೆ ನೋಡಬೇಕಾಗಿಲ್ಲ.

ಕರಾರಿಲ್ಲದ ರಿಯಾಯಿತಿ ಬೇಡ

ಜರ್ಮನಿ 2026ರಿಂದ 2028ರವರೆಗೆ ಹೆಚ್ಚು ವಿದ್ಯುತ್ ಬಳಸುವ ಕೈಗಾರಿಕೆಗಳಿಗೆ, ಅವುಗಳ ಬಳಕೆಯ ಅರ್ಧದಷ್ಟಕ್ಕೆ, ಯೂನಿಟ್‌ಗೆ ಸುಮಾರು 5 ಯೂರೋ ಸೆಂಟ್ ದರ ಕೊಡಲು ಮುಂದಾಗಿದೆ. ನಮ್ಮ ಲೆಕ್ಕದಲ್ಲಿ ಅದು 5 ರೂಪಾಯಿಯ ಆಸುಪಾಸು. ಆದರೆ ಯೂರೋಪಿನ ನಿಯಮದಂತೆ ಪಡೆದ ನೆರವಿನ ಅರ್ಧವನ್ನಾದರೂ ಕಂಪನಿ ಹೊಗೆ ತಗ್ಗಿಸುವ ಕೆಲಸಕ್ಕೆ ಹಾಕಲೇಬೇಕು. ಬ್ರಿಟನ್ ತನ್ನ ಉಕ್ಕು, ಗಾಜು, ಸಿಮೆಂಟ್‌ನಂಥ ಕಾರ್ಖಾನೆಗಳ ಜಾಲ ಶುಲ್ಕದ ಮೇಲಿನ ರಿಯಾಯಿತಿಯನ್ನು ಶೇ 60ರಿಂದ 90ಕ್ಕೆ ಏರಿಸಿದೆ. ಇನ್ನೊಂದು ಕಡೆ 2026ರ ಜನವರಿ 1ರಿಂದ ಯೂರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರಗಳಿಗೆ ಇಂಗಾಲದ ಸುಂಕದ ಲೆಕ್ಕ ಶುರುವಾಗಿದೆ. ಹೊಗೆ ಹೆಚ್ಚಾದಷ್ಟೂ ಸುಂಕ ಹೆಚ್ಚು. ಅವರು ತಮ್ಮ ಕಾರ್ಖಾನೆಗೆ ನೆರವು ಕೊಡುತ್ತ ನಮ್ಮ ಸರಕಿಗೆ ಬೇಲಿ ಹಾಕುತ್ತಿರುವಾಗ ನಾವು ಕೈಕಟ್ಟಿ ಕೂರಲಾಗದು. ಹಾಗೆಂದು ಬೊಕ್ಕಸದ ಬಾಗಿಲು ತೆರೆದಿಟ್ಟು ಬೇಕಾದವರು ಬಾಚಿಕೊಳ್ಳಿ ಎನ್ನುವಂತೆಯೂ ಇಲ್ಲ.

ಭಾರಿ ಕೈಗಾರಿಕೆಗೆ ವಿದ್ಯುತ್ ರಿಯಾಯಿತಿ ಬೇಕು, ಆದರೆ ಅದು ಕರಾರಿನ ಮೇಲೆ ಇರಬೇಕು. ಬಿಸಿಲಿನ ಹೊತ್ತಿಗೆ ಕೆಲಸ ಸರಿಸಿದವರಿಗೆ ಮೊದಲು. ಪಡೆದದ್ದರಲ್ಲಿ ಒಂದು ಪಾಲನ್ನು ಹೊಗೆ ತಗ್ಗಿಸಲು ಹಾಕಿ ಲೆಕ್ಕ ಒಪ್ಪಿಸುವವರಿಗೆ ಮಾತ್ರ. ವರ್ಷಗಳ ಮಿತಿಯೊಂದಿಗೆ. ನೂರು ಮೆಗಾವಾಟ್‌ನವರಿಗೆ ಕೊಟ್ಟರೆ ನೂರು ಕಿಲೋವಾಟ್‌ನವರಿಗೂ ಅದೇ ಅಳತೆಯಲ್ಲಿ. ಹಂಗಾಮಿ ಗಿರಣಿಗಳಿಗೆ ಡಿಮ್ಯಾಂಡ್ ಚಾರ್ಜನ್ನು ಮುಂಗಡ ಘೋಷಣೆಯ ಮೇಲೆ ಅಲ್ಲ, ನಿಜವಾಗಿ ಓಡಿದ ತಿಂಗಳುಗಳ ಮೇಲೆ ಹಾಕಬೇಕು. ಮತ್ತು ಯಾರ ರಿಯಾಯಿತಿಯನ್ನು ಯಾರು ಕಟ್ಟುತ್ತಿದ್ದಾರೆ ಎಂಬ ಲೆಕ್ಕ ಪ್ರತಿ ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚಾಗಬೇಕು.

ಇದರ ಜೊತೆ ರಾಯಚೂರಿಗೆ ಸಲ್ಲಬೇಕಾದ ಪಾಲಿದೆ. ಶಕ್ತಿನಗರದ ಮೊದಲ ಘಟಕಕ್ಕೆ ನಲವತ್ತು ವರ್ಷ ತುಂಬಿದೆ. ಅದು ಇಂದಲ್ಲ ನಾಳೆ ಆರಲೇಬೇಕು. ಆರುವ ಮುನ್ನ ಅಲ್ಲಿಯ ಗುತ್ತಿಗೆ ಕಾರ್ಮಿಕರಿಗೆ ಹೊಸ ಕೆಲಸದ ತರಬೇತಿ ಸಿಗಬೇಕು. ಕೇಂದ್ರದಿಂದ ಹೊರಡುವ ಭಾರಿ ವಿದ್ಯುತ್ ಮಾರ್ಗಗಳನ್ನು ಸೌರ ವಿದ್ಯುತ್ತು ಹೊರಲು, ಅಲ್ಲಿಯ ಜಾಗವನ್ನು ಅದನ್ನು ಸಂಗ್ರಹಿಸುವ ಬ್ಯಾಟರಿಗಳಿಗೆ ಬಳಸಬೇಕು. ತಂತಿ ಇಲ್ಲಿದೆ, ಜಾಗ ಇಲ್ಲಿದೆ, ಕರೆಂಟಿನ ಕೆಲಸ ಬಲ್ಲ ಕೈಗಳು ಇಲ್ಲಿವೆ. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಎರಡೇ ಇದ್ದವು, ರಾಯಚೂರು ಮತ್ತು ಯಾದಗಿರಿ. ರಾಜ್ಯಕ್ಕೆ ಬೆಳಕು ಕೊಟ್ಟ ಜಿಲ್ಲೆ ಆ ಪಟ್ಟಿಯಲ್ಲಿ ಇರಬೇಕಾಗಿ ಬಂದದ್ದನ್ನು ಮುಂದಿನ ಲೆಕ್ಕದಲ್ಲಾದರೂ ತಿದ್ದಬೇಕು.

ಕೆಇಆರ್‌ಸಿ ಪ್ರತಿ ದರ ಆದೇಶಕ್ಕೆ ಮುಂಚೆ ಜೆಸ್ಕಾಂನ ಅರ್ಜಿಯನ್ನು ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಮಾತಾಡಲು ವಕೀಲರಾಗಬೇಕಿಲ್ಲ, ಗ್ರಾಹಕರಾಗಿದ್ದರೆ ಸಾಕು. ದೊಡ್ಡ ಕಾರ್ಖಾನೆಗಳ ಸಂಘಗಳು ಪ್ರತಿ ಸಲ ಹೋಗುತ್ತವೆ. ಮಾನ್ವಿಯ ಮಿಲ್ಲಿನವರು, ರಾಯಚೂರಿನ ಜಿನ್ನಿಂಗ್‌ನವರು, ದೇವದುರ್ಗದ ರೈತರು, ಶಕ್ತಿನಗರದ ಕಾರ್ಮಿಕರು ಈ ಸಲ ಒಟ್ಟಾಗಿ ಹೋಗಿ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೊತೆಗೆ ಒಯ್ಯಿರಿ, ಒಂದೊಂದು ಸಾಲಿನ ಒಂದೊಂದು ಪೈಸೆಗೂ ಲೆಕ್ಕ ಕೇಳಿ.